ನನ್ನ ಕೈಯಾರೆ ಕಾಸಿದ ಟೀ

ನನಗೆ ಯಾರ ಮೇಲೂ ಸುಲಭಕ್ಕೆ ನಂಬಿಕೆ ಬರುವುದಿಲ್ಲ. ತರಕಾರಿಯವಳು ತಕ್ಕಡಿ ಎತ್ತಿದರೆ ನಾನು ಮೊದಲು ನೋಡುವುದು ಅವಳ ಕಿರುಬೆರಳನ್ನು. ಅದು ಹುಟ್ಟುಗುಣ, ಈ ವಯಸ್ಸಿನಲ್ಲಿ ತಿದ್ದಿಕೊಳ್ಳುವ ಆಸೆಯೂ ನನಗಿಲ್ಲ. ಆದರೆ ಮೊನ್ನೆ ನಮ್ಮ ಬೀದಿಯ ಹುಡುಗಿಯೊಬ್ಬಳು, ಎಳೆ ಬಾಣಂತಿ, ನನ್ನ ಪಕ್ಕ ಬಂದು ಕೂತು, "ಅಜ್ಜಿ, ಎದೆ ಡವಡವ ಅಂತದೆ, ನಿದ್ದೆನೇ ಬರಾಕಿಲ್ಲ. ನಮ್ಮತ್ತೆ ಏನೋ ಹಾಕವ್ರೆ ಅನ್ನಿಸ್ತದೆ" ಎಂದು ಪಿಸುಗುಟ್ಟಿದಳು. "ದಿನಕ್ಕೆ ಎಷ್ಟು ಲೋಟ ಟೀ ಕುಡೀತೀಯೆ?" ಎಂದು ಕೇಳಿದೆ. ಅವಳು ನನ್ನನ್ನೇ ಅನುಮಾನದಿಂದ ನೋಡಿ ಎದ್ದು ಹೋದಳು. ಅವಳ ಜಾಗದಲ್ಲಿ ನಾನಿದ್ದರೂ ಹಾಗೇ ಎದ್ದು ಹೋಗುತ್ತಿದ್ದೆ. ಇದನ್ನು ಬರೆಯುತ್ತಿರುವುದು ಅವಳಿಗಾಗಿ.

ನಮ್ಮ ಕಡೆ "ಮದ್ದು ಹಾಕಿದರು" ಎಂದರೆ ಔಷಧಿ ಕೊಟ್ಟರು ಎಂದಲ್ಲ. ಆಗದವರು ಊಟದಲ್ಲಿ ಏನೋ ಬೆರೆಸಿಕೊಟ್ಟರು, ಅದು ಹೊಟ್ಟೆಯಲ್ಲಿ ಕೂತು ಮನುಷ್ಯರನ್ನು ದಿನದಿನಕ್ಕೂ ಸವೆಸುತ್ತದೆ ಎಂದು ಅರ್ಥ. ನನಗೆ ಮದ್ದು ಹಾಕಿದ್ದಾರೆ ಎಂದು ನಾನು ನಂಬಿದ್ದು ಮಹಾರಾಜರ ಕಾಲದಲ್ಲಿ, ಯುದ್ಧದ ವರ್ಷಗಳಲ್ಲಿ. ಮಧುಗಿರಿಯಲ್ಲಿ ನಮ್ಮ ಯಜಮಾನರದು ದಿನಸಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಮನೆಯಲ್ಲಿ ಯಜಮಾನರು, ನಾನು, ನನ್ನ ಕೈಗೂಸು ಗಿರಿಜೆ ಮತ್ತು ಗೌರಕ್ಕ. ಗೌರಕ್ಕ ಯಜಮಾನರ ತೀರಿಹೋದ ಅಣ್ಣನ ಹೆಂಡತಿ, ಅಂದರೆ ನನ್ನ ಓರಗಿತ್ತಿ. ಮಕ್ಕಳಿಲ್ಲ. ಅಡಿಗೆಮನೆ ಅವಳದು. ಗಿರಿಜೆ ಹುಟ್ಟಿದ ಮೇಲೆ ಕೂಸನ್ನು ಸೊಂಟದಿಂದ ಇಳಿಸುವವಳೂ ಅಲ್ಲ. ಅದು ನನಗೆ ಮೊದಲಿನಿಂದಲೂ ಸರಿಬರುತ್ತಿರಲಿಲ್ಲ.

ಯಜಮಾನರು ಆ ವರ್ಷ ಟೀ ಸೊಪ್ಪಿನ ಏಜೆನ್ಸಿ ಹಿಡಿದಿದ್ದರು. ಅದುವರೆಗೆ ನಮ್ಮ ಮನೆಯಲ್ಲಿ ಬೆಳಗಾದರೆ ಅಂಬಲಿ, ಇಲ್ಲವೇ ಮಜ್ಜಿಗೆ. ಪೆಟ್ಟಿಗೆಗಳು ಬಂದವು. ಒಂದರಲ್ಲಿ ಸುರುಳಿ ಸುತ್ತಿದ ದೊಡ್ಡ ಎಲೆ, ಇನ್ನೊಂದರಲ್ಲಿ ನುಚ್ಚು, ಮತ್ತೊಂದರಲ್ಲಿ ಹಿಟ್ಟಿನಂಥ ಡಸ್ಟು. ಯಾವುದು ಯಾರಿಗೆ ಎಂದು ತೀರ್ಮಾನಿಸಲು ಕುಡಿದು ನೋಡಬೇಕಲ್ಲ? ಯಜಮಾನರ ನಾಲಿಗೆಗೆ ಎಲೆ ಅಡಿಕೆ ಬಿಟ್ಟರೆ ಬೇರೆ ರುಚಿ ಹತ್ತುತ್ತಿರಲಿಲ್ಲ. ಹಾಗಾಗಿ ಆ ಕೆಲಸ ನನ್ನ ಪಾಲಿಗೆ ಬಂತು. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಇದ್ದಿಲ ಒಲೆ ಇಟ್ಟುಕೊಂಡು, ಒಡೆದ ಪ್ರತಿ ಪೆಟ್ಟಿಗೆಯಿಂದಲೂ ಕಾಸಿ ಕುಡಿದು ಹೇಳುತ್ತಿದ್ದೆ. ವಕೀಲರ ಮನೆಗೆ ದೊಡ್ಡ ಎಲೆ: ಬಣ್ಣ ತೆಳು, ಪರಿಮಳ ಜಾಸ್ತಿ. ಸಾಧಾರಣ ಮನೆಗಳಿಗೆ ನುಚ್ಚು. ಶಿರಾದಿಂದ ಬರುತ್ತಿದ್ದ ಹೋಟೆಲಿನ ಸಾಹೇಬರಿಗೆ ಡಸ್ಟು. "ಚಾಯ್ ಕಡಕ್ ಇರ್ಬೇಕಮ್ಮಾ, ಕುಡ್ದೋನು ಎದ್ದು ಕೂರ್ಬೇಕು" ಎನ್ನುತ್ತಿದ್ದರು ಅವರು. ಎರಡು ತಿಂಗಳಿಗೆ ನಾನು ಕಣ್ಣು ಮುಚ್ಚಿ ಕುಡಿದು ಇದು ಯಾವ ಪೆಟ್ಟಿಗೆಯದು ಎಂದು ಹೇಳುವಷ್ಟಾದೆ. ಆ ಹೆಮ್ಮೆಯೂ ಇತ್ತು, ಯಾಕೆ ಮುಚ್ಚಿಡಲಿ.

ಟೀ ಕಂಪನಿಯವರು ಗಾಡಿ ಕಟ್ಟಿಕೊಂಡು ಬಂದು ಪೇಟೆಬೀದಿಯಲ್ಲಿ ಪುಗಸಟ್ಟೆ ಟೀ ಹಂಚಿ, ನಮ್ಮ ಅಂಗಡಿ ಗೋಡೆಗೆ ಒಂದು ತಗಡಿನ ಬೋರ್ಡು ಹೊಡೆದು ಹೋಗಿದ್ದರು. ಕುದಿವ ನೀರಿಗೆ ಸೊಪ್ಪು ಹಾಕಿ, ಮುಚ್ಚಿ, ತುಸು ಹೊತ್ತು ಬಿಟ್ಟು ಸೋಸಬೇಕೆಂದು ಅದರಲ್ಲಿ ಚಿತ್ರ ಸಹಿತ ಬರೆದಿತ್ತು. ನಾನು ಅದನ್ನು ಒಂದು ಚೂರೂ ನಂಬಲಿಲ್ಲ. ಸೊಪ್ಪು ಬೇಗ ಖರ್ಚಾಗಲಿ ಎಂದು ಹೀಗೆ ಬರೆದಿದ್ದಾರೆ, ಕುದಿಸದೆ ಯಾವ ಸೊಪ್ಪು ತಾನೇ ಸಾರ ಬಿಡುತ್ತದೆ ಎಂದು, ಹುರುಳಿ ಬೇಯಿಸುವ ಹಾಗೆ ಬೇಯಿಸುತ್ತಿದ್ದೆ. ನೀರು ಕಡಿಮೆಯಾದರೆ ನೀರು, ಬಣ್ಣ ಕಡಿಮೆಯಾದರೆ ಇನ್ನೊಂದು ಚಮಚ ಡಸ್ಟು. ಸಕ್ಕರೆ ಸಿಗದ ಕಾಲ, ಬೆಲ್ಲದ ಟೀ.

ಎದೆ ಹೊಡೆದುಕೊಳ್ಳಲು ಶುರುವಾದದ್ದು ಆಮೇಲೆ. ಮಧ್ಯಾಹ್ನ ಊಟ ಮಾಡಿ, ಹಿಂದಿನ ಕೋಣೆಗೆ ಹೋಗಿ ಎರಡು ಲೋಟ ಟೀ ಕುಡಿದು ಕೂತರೆ, ಎದೆಯೊಳಗೆ ಯಾರೋ ಒನಕೆ ಹಾಕಿದ ಹಾಗೆ. ಕೈ ನಡುಕ. ಮಲಗಿದರೆ ಕಣ್ಣು ಮುಚ್ಚುತ್ತಿರಲಿಲ್ಲ. ಕೂಸೂ ಹಾಗೆಯೇ, ಎದೆಹಾಲು ಕುಡಿದು ಮಲಗುವ ಬದಲು ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ಚೀರುತ್ತಿತ್ತು. ಊಟವಾದ ಮೇಲೆ ಹೀಗಾಗುತ್ತಿದೆ ಎಂದರೆ ಊಟದಲ್ಲೇ ಏನೋ ಇರಬೇಕಲ್ಲವೇ? ಟೀಯ ಕಡೆಗೆ ನನ್ನ ಬುದ್ಧಿ ಓಡಲೇ ಇಲ್ಲ. ಟೀ ನಾನೇ ಮಾಡಿದ್ದು ತಾನೇ.

ಕೂಸನ್ನು ನೋಡಲು ಕಳ್ಳಂಬೆಳ್ಳದಿಂದ ನಮ್ಮವ್ವ ಬಂದಳು. ಬಾಗಿಲಲ್ಲೇ ನಿಂತು ಎದೆಗೆ ಕೈ ಇಟ್ಟುಕೊಂಡಳು.

"ಪಾರ್ವತೀ, ಇದೇನೇ ಹಿಂಗಾಗ್ಬುಟ್ಟೆ! ಮಖದಾಗೆ ರಕ್ತಾನೇ ಇಲ್ವಲ್ಲೇ."

"ಎದೆ ಹೊಡ್ಕಂತದೆ ಕಣವ್ವ. ಉಂಡ ಮ್ಯಾಗೆ ಜಾಸ್ತಿ."

ಅವ್ವ ಅಡಿಗೆಮನೆಯ ಕಡೆ ನೋಡಿದಳು. ದನಿ ತಗ್ಗಿಸಿ, "ಅಡಿಗೆ ಯಾರು ಮಾಡಾದು?" ಎಂದಳು.

ಅಷ್ಟೇ. ನನ್ನೊಳಗೆ ಹೆಸರಿಲ್ಲದೆ ಸುಳಿದಾಡುತ್ತಿದ್ದ ಅನುಮಾನಕ್ಕೆ ಆವತ್ತು ಹೆಸರು ಸಿಕ್ಕಿತು.

ಅಂದಿನಿಂದ ಗೌರಕ್ಕನ ಕೈಯಡಿಗೆ ಬಿಟ್ಟೆ. ಸೋಮವಾರ ಒಪ್ಪತ್ತು ಎಂದೆ, ಮಂಗಳವಾರ ಹೊಟ್ಟೆ ಸರಿಯಿಲ್ಲ ಎಂದೆ, ಬುಧವಾರ ಬಾಯಿ ರುಚಿ ಕೆಟ್ಟಿದೆ ಎಂದೆ. ಅಂಗಡಿಯಿಂದ ನಾನೇ ಅಳೆದುಕೊಂಡ ಪುರಿ, ನಾನೇ ಒಡೆದುಕೊಂಡ ಬೆಲ್ಲ, ನಾನೇ ಕಾಸಿಕೊಂಡ ಟೀ. ಆ ಕೋಣೆಯ ಬೀಗದ ಕೈ ನನ್ನ ಸೊಂಟದಲ್ಲಿ. ನಿಶ್ಶಕ್ತಿ ಆದಾಗಲೆಲ್ಲ ಡಸ್ಟು ಹಾಕಿ ಕುದಿಸಿ ಒಂದು ಲೋಟ ಏರಿಸಿದರೆ ಹೋದ ಜೀವ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಆ ಜೀವ ಮತ್ತೆ ಜಾರುತ್ತಿತ್ತು. ಮತ್ತೊಂದು ಲೋಟ. ಇಡೀ ಮನೆಯಲ್ಲಿ ನಾನು ನಂಬಿ ಬಾಯಿಗಿಟ್ಟುಕೊಳ್ಳುತ್ತಿದ್ದ ವಸ್ತು ಅದೊಂದೇ.

ಗೌರಕ್ಕ ಮಾತ್ರ ದಿನವೂ ನನ್ನ ಪಾಲು ಎತ್ತಿಟ್ಟು ಕಾಯುತ್ತಿದ್ದಳು. "ಬಾಣಂತಿ ಮೈ ಕಣೇ, ಒಂದು ತುತ್ತು ತಿನ್ನು. ಸೊಪ್ಪಿನ್ ಸಾರು ಮಾಡಿವ್ನಿ" ಎನ್ನುತ್ತಿದ್ದಳು. ಇಷ್ಟೊಂದು ಒತ್ತಾಯ ಯಾಕೆ ಎಂದು ನಾನು ಇನ್ನಷ್ಟು ಹೆದರುತ್ತಿದ್ದೆ. ಒಂದು ದಿನ ಆ ಮುದ್ದೆ ಸಾರನ್ನು ಹಿತ್ತಲಿಗೆ ಒಯ್ದು ಬೆಕ್ಕಿಗೆ ಹಾಕಿ, ಎದುರಿಗೇ ಕುಕ್ಕರಗಾಲಲ್ಲಿ ಕೂತೆ. ಬೆಕ್ಕು ತಿಂದು, ಮೀಸೆ ಒರೆಸಿಕೊಂಡು, ಬಿಸಿಲಿಗೆ ಬಿದ್ದುಕೊಂಡಿತು. ಮರುದಿನವೂ ಗಟ್ಟಿಯಾಗಿತ್ತು. ಮದ್ದು ಮನುಷ್ಯರಿಗೆ ಹತ್ತಿದ ಹಾಗೆ ಬೆಕ್ಕಿಗೆ ಹತ್ತಲಿಕ್ಕಿಲ್ಲ ಎಂದುಕೊಂಡೆ.

ನನಗೆ ಸಾಯುವ ಭಯ ಇತ್ತು. ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ ಬರುತ್ತಿತ್ತು, ಉಗುರು ಸುಣ್ಣದ ಹಾಗೆ ಬೆಳ್ಳಗಾಗಿತ್ತು. ನಾನು ಸತ್ತರೆ ಗಿರಿಜೆ ಅದೇ ಗೌರಕ್ಕನ ಮಡಿಲಿಗೆ ಹೋಗುತ್ತಾಳೆ, ನನ್ನನ್ನು ಕೊಂದವಳನ್ನೇ ಅವ್ವ ಎಂದು ಕರೆಯುತ್ತಾಳೆ ಎಂಬುದು ಅದಕ್ಕಿಂತ ದೊಡ್ಡ ಭಯವಾಗಿತ್ತು.

ಮದ್ದು ತೆಗೆಯುವ ಹೆಂಗಸೊಬ್ಬಳು ಪಾವಗಡದಾಚೆ, ನಾಗಲಮಡಿಕೆಯ ಕಡೆ ಇದ್ದಾಳೆಂದು ಅವ್ವ ಪತ್ತೆ ಮಾಡಿದಳು. ಯಜಮಾನರಿಗೆ ಹರಕೆ ಎಂದು ಹೇಳಿ, ಕೂಸನ್ನು ಕಟ್ಟಿಕೊಂಡು ಹೊರಟೆವು. ಹೊರಡುವ ಅವಸರದಲ್ಲಿ ಹೊಸ ಪೆಟ್ಟಿಗೆಯ ದೊಡ್ಡ ಎಲೆ ಹಾಕಿ ಕಾಸಿ, ಸೋಸುವ ಬಟ್ಟೆ ಕೈಗೆ ಸಿಗದೆ ಹಾಗೇ ಚೊಂಬಿಗೆ ಬಗ್ಗಿಸಿಕೊಂಡಿದ್ದೆ. ಪೆಟ್ರೋಲಿಗೆ ಬರವಾಗಿ ಬಸ್ಸುಗಳು ಇದ್ದಿಲಿನ ಹೊಗೆಯ ಮೇಲೆ ಓಡುತ್ತಿದ್ದ ಕಾಲ. ಏರು ಬಂದಲ್ಲೆಲ್ಲ ಗಂಡಸರು ಇಳಿದು ತಳ್ಳಬೇಕು. ದಾರಿಯುದ್ದಕ್ಕೂ ನಾನು ಚೊಂಬಿನಿಂದ ಗುಟುಕರಿಸುತ್ತಾ ಹೋದೆ.

ಆ ಹೆಂಗಸು ನನ್ನ ನಾಡಿ ಹಿಡಿದವಳೇ ತಲೆ ಅಲ್ಲಾಡಿಸಿದಳು. ಅವಳ ಮಾತು ಅರ್ಧ ತೆಲುಗು, ಮದ್ದು ಅವಳ ಬಾಯಲ್ಲಿ ಮಂದು. "ಅಯ್ಯೋ ತಲ್ಲೀ, ನಿಂಗೆ ಮಂದು ಪೆಟ್ಟಿನಾರು. ಇಂಟ್ಲೋನೇ, ನಿಮ್ ಮನೆಯಾಗಿರೋ ಹೆಂಗಸೇ ಹಾಕವ್ಳೆ" ಎಂದಳು. ನಾವು ಇನ್ನೂ ಏನೂ ಹೇಳಿರಲಿಲ್ಲ. ಅವ್ವ ನನ್ನ ತೊಡೆ ಚಿವುಟಿದಳು. ಆ ಹೆಂಗಸು ಯಾವುದೋ ಹಸಿರು ರಸ ಕುಡಿಸಿದಳು, ಕರುಳೇ ಕಿತ್ತು ಬರುವ ಹಾಗೆ ವಾಂತಿಯಾಯಿತು. ಅವಳು ಕಡ್ಡಿಯಲ್ಲಿ ಕೆದಕಿ, ಮುತ್ತುಗದ ಎಲೆಯ ಮೇಲೆ ಕಪ್ಪಗೆ ಏನನ್ನೋ ಎತ್ತಿ ನನ್ನ ಮುಖದ ಮುಂದೆ ಹಿಡಿದಳು.

"ಚೂಡಮ್ಮಾ, ಇದೇ ಮಂದು!"

ಅವ್ವ ಕೈ ಮುಗಿದಳು. ನಾನು ಕಣ್ಣೀರು ಒರೆಸಿಕೊಂಡು ಬಗ್ಗಿ ನೋಡಿದೆ. ಸುರುಳಿ ಅರ್ಧ ಬಿಚ್ಚಿದ ಎಲೆ, ಜೊತೆಗೆ ಒಂದು ತೊಟ್ಟು. ನಿದ್ದೆಯಲ್ಲಿ ಎಬ್ಬಿಸಿ ತೋರಿಸಿದರೂ ನಾನು ಗುರುತು ಹಿಡಿಯುತ್ತಿದ್ದೆ.

"ಇದು ಟೀ ಸೊಪ್ಪು" ಎಂದೆ. "ನಮ್ಮಂಗಡೀದು. ದೊಡ್ಡ ಎಲೆ. ಬೆಳಗ್ಗೆ ಒಡೆದ ಪೆಟ್ಟಿಗೇದು."

"ಮಂದು ಯಾವ ವೇಷದಾಗಾದ್ರೂ ಬರ್ತದೆ ತಲ್ಲೀ" ಎಂದಳು ಅವಳು, ಕಣ್ಣು ಕೂಡ ಮಿಟುಕಿಸದೆ.

"ಆಯಮ್ಮನಿಗೆ ಎದುರಾಡಬ್ಯಾಡ ಸುಮ್ಕಿರೇ" ಎಂದಳು ಅವ್ವ.

ಆದರೆ ವಾಪಸು ಬರುವಾಗ ಬಸ್ಸಿನಲ್ಲಿ ತಲೆ ಬೇರೆ ಲೆಕ್ಕ ಹಾಕತೊಡಗಿತು. ಹೊಟ್ಟೆಯಿಂದ ಬಂದದ್ದು ಬರೀ ಟೀ. ಆ ಟೀ ಮುಟ್ಟಿದವರು ಯಾರು? ನಾನು. ಬೀಗ ಯಾರ ಹತ್ತಿರ? ನನ್ನ ಹತ್ತಿರ. ಇನ್ನು ನನ್ನ ಮೇಲೆ ನಾನೇ ಅನುಮಾನ ಪಡಬೇಕಷ್ಟೇ ಎಂದು ನಗು ಬಂತು. ಮಧುಗಿರಿಯಲ್ಲಿ ಬಸ್ಸಿನಿಂದ ಇಳಿದು ಎರಡು ಹೆಜ್ಜೆ ಇಟ್ಟದ್ದು ನೆನಪಿದೆ. ಆಮೇಲೆ ನೆಲವೇ ಎದ್ದು ಬಂದು ಮುಖಕ್ಕೆ ಬಡಿಯಿತು.

ಕಣ್ಣು ಬಿಟ್ಟಾಗ ಆಸ್ಪತ್ರೆಯ ಜಗಲಿಯ ಮೇಲಿದ್ದೆ. ಫಿನಾಯಿಲ್ ವಾಸನೆ. ಬೆಂಚಿನ ತುಂಬ ಜನ, ಎಲ್ಲರ ಕೈಯಲ್ಲೂ ಮನೆಯಿಂದ ತಂದ ಖಾಲಿ ಸೀಸೆ. ಆಗ ಔಷಧಿಗೆ ಸೀಸೆ ನಾವೇ ಒಯ್ಯಬೇಕಿತ್ತು. ಅದನ್ನು ತರಲು ಅವ್ವ ಮನೆಗೆ ಹೋಗಿದ್ದಳು. ಯಜಮಾನರು ನನ್ನ ತಲೆ ಹಿಡಿದುಕೊಂಡಿದ್ದರು. ಗಿರಿಜೆಯನ್ನು ಯಾರೋ ಅಪರಿಚಿತ ಕುರುಬರ ಹೆಂಗಸು, ಕಂಬಳಿ ಹೊದ್ದವಳು, ತೊಡೆಯ ಮೇಲೆ ಹಾಕಿಕೊಂಡು ತಟ್ಟುತ್ತಿದ್ದಳು. ತನಗೇ ಜ್ವರ ಬಂದು ಮೈ ಸುಡುತ್ತಿದ್ದರೂ ಸರದಿ ಬರುವವರೆಗೆ ಕೂಸನ್ನು ಇಳಿಸಲಿಲ್ಲ. ಆ ಹೆಂಗಸಿನ ಮೇಲೆ ಅನುಮಾನ ಪಡುವಷ್ಟು ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಅದೂ ಒಂದು ಪುಣ್ಯ.

ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿದರು, ಉಗುರು ಒತ್ತಿದರು, ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು.

"ಏನು ತಿಂತೀಯಮ್ಮಾ?"

"ಏನೂ ತಿನ್ನಾಕಿಲ್ಲ ಸ್ವಾಮಿ, ಬರೀ ಟೀ" ಎಂದರು ಯಜಮಾನರು.

"ಯಾವ ಟೀ?"

ನನಗೆ ಆಶ್ಚರ್ಯವಾಯಿತು. ಅದುವರೆಗೆ ಆ ಪ್ರಶ್ನೆ ಯಾರೂ ಕೇಳಿರಲಿಲ್ಲ. ಬೆಳಗ್ಗೆ ಎಲೆ, ಆಮೇಲೆ ನುಚ್ಚು, ಸುಸ್ತಾದಾಗ ಡಸ್ಟು, ಕಾಸುವುದು ಹೀಗೆ ಎಂದು ಒಂದೂ ಬಿಡದೆ ಹೇಳಿದೆ. ಡಾಕ್ಟರು ನಗಲಿಲ್ಲ.

"ಆ ಸೊಪ್ಪಿನೊಳಗೆ ಕೆಫೀನ್ ಅಂತ ಒಂದು ಸತ್ವ ಇದೆಯಮ್ಮಾ. ನಿದ್ದೆ ಓಡಿಸೋದು ಅದೇ, ಎದೆ ಬಡಿಸೋದೂ ಅದೇ. ದೊಡ್ಡ ಎಲೆ ಅದನ್ನ ನಿಧಾನಕ್ಕೆ ಬಿಡುತ್ತೆ. ಡಸ್ಟು ನೀರಿಗೆ ಬಿದ್ದ ಕೂಡಲೇ ಬಿಟ್ಟುಬಿಡುತ್ತೆ. ನೀನು ಬೇಯಿಸಿ ಬೇಯಿಸಿ ಒಂದು ಚೂರೂ ಉಳಿಸದೆ ಹಿಂಡಿಕೊಂಡಿದ್ದೀಯ."

"ಕಾಫಿ ಕುಡಿಯೋರೆಲ್ಲ ಗುಂಡುಕಲ್ಲಿನಂಗೆ ಅವ್ರಲ್ಲ ಸ್ವಾಮಿ?" ಎಂದೆ.

"ಕಾಫಿಯಲ್ಲಿ ಲೋಟಕ್ಕೆ ಲೋಟ ನೋಡಿದರೆ ಇನ್ನೂ ಜಾಸ್ತಿ ಇದೆ. ಆದರೆ ಅವರು ಒಂದು ಲೋಟ ಕುಡಿದು ಊಟ ಮಾಡ್ತಾರೆ. ನೀನು ಊಟ ಬಿಟ್ಟು ಇದನ್ನ ಕುಡಿದಿದ್ದೀಯ. ಮೈಯಲ್ಲಿ ರಕ್ತ ಇಲ್ಲ. ಕೂಸಿಗೂ ಹಾಲಿನ ಜೊತೆ ಅದೇ ಹೋಗ್ತಾ ಇದೆ."

ಕೂಸಿನ ಮಾತು ಬಂದಾಗ ಗಿರಿಜೆಯನ್ನು ಎದೆಗೆ ಅವುಚಿಕೊಂಡೆ. ಆದರೂ ಬುದ್ಧಿ ಬಿಡಬೇಕಲ್ಲ. "ಯಾರು ಹಾಕಿದ್ದು ಅಂತ ಗೊತ್ತಾಗಾಕಿಲ್ವಾ?" ಎಂದು ಕೇಳಿಯೇಬಿಟ್ಟೆ.

"ನೀನೇ ಹಾಕ್ಕೊಂಡಿದ್ದೀಯಲ್ಲಮ್ಮಾ" ಎಂದರು ಡಾಕ್ಟರು.

ಕಬ್ಬಿಣದ ರುಚಿಯ ಮಿಕ್ಸ್ಚರ್ ಕೊಟ್ಟರು. ರಾಗಿ, ಸೊಪ್ಪು, ಹಾಲು ತಿನ್ನಲೇಬೇಕು, ಟೀ ಮಾತ್ರ ದಿಢೀರನೆ ಬಿಡಬೇಡ, ಡಸ್ಟು ನಿಲ್ಲಿಸಿ ಎಲೆ ಹಾಕಿಕೊಂಡು ಸ್ವಲ್ಪಸ್ವಲ್ಪವೇ ಕಡಿಮೆ ಮಾಡು ಎಂದರು. ನನಗೆ ಒಂದರ ಮೇಲೆ ಅನುಮಾನ ಬಂದ ಮೇಲೆ ಅದನ್ನು ಅರ್ಧ ಬಿಡುವುದು ಗೊತ್ತಿಲ್ಲ. ಮನೆಗೆ ಬಂದವಳೇ ಇದ್ದಿಲ ಒಲೆಗೆ ನೀರು ಸುರಿದೆ. ಕೋಣೆಯ ಬೀಗದ ಕೈ ಯಜಮಾನರ ಮುಂದೆ ಎಸೆದೆ. ಗೌರಕ್ಕ ಮಾಡಿದ ಮುದ್ದೆ ಸಾರು, ಅಷ್ಟು ದಿನದ ಮೇಲೆ, ಡಾಕ್ಟರ ಮಾತಿಗೆ ಕಟ್ಟುಬಿದ್ದು ತಿಂದೆ.

ಮರುದಿನ ತಲೆ ಸಿಡಿಯತೊಡಗಿತು. ಸಾಮಾನ್ಯ ತಲೆನೋವಲ್ಲ, ಕಣ್ಣುಗುಡ್ಡೆಯ ಹಿಂದೆ ಗೂಟ ಹೊಡೆದ ಹಾಗೆ. ತಿಂದದ್ದೆಲ್ಲ ವಾಂತಿಯಾಯಿತು. ಬೆಳಕು ನೋಡಿದರೆ ನೋವು, ಕೂಸು ಅತ್ತರೆ ನೋವು.

"ನೋಡಿದ್ಯಾ!" ಎಂದು ಅವ್ವ ನಡುಮನೆಯಲ್ಲಿ ನಿಂತು ಕೂಗಿದಳು. "ಆಯಮ್ಮ ಯೋಳಿದ್ದು ಸುಳ್ಳಾ? ಇವಳ ಕೈ ಕೂಳು ಮುಟ್ಟಿದ ಮಾರನೇ ದಿನಕ್ಕೇ ಹಿಂಗಾಯ್ತು. ಇವಳು ಈ ಮನೆಯಾಗಿದ್ರೆ ನನ್ ಮಗಳು ಉಳಿಯಾಕಿಲ್ಲ!"

ಮದ್ದು ಹಾಕಿದ್ದು ಗೌರಕ್ಕ ಎಂಬ ಮಾತು ಯಜಮಾನರ ಕಿವಿಗೆ ಬಿದ್ದದ್ದು ಅದೇ ಮೊದಲು. ಅವರು ನನ್ನ ಹಾಸಿಗೆಯ ಪಕ್ಕ ಬಂದು ಕೂತು, "ನಂಗೆ ಅಂಗೇನೂ ಅನ್ನಿಸಾಕಿಲ್ಲ ಪಾರ್ವತಿ. ಆದ್ರೆ ನಿನ್ ಜೀವಕ್ಕಿಂತ ದೊಡ್ಡದಲ್ಲ. ನೀನು ಹೂಂ ಅನ್ನು, ನಾಳೆ ಬಸ್ಸಿಗೆ ಅತ್ತಿಗೇನ ಕೊರಟಗೆರೆಗೆ ಬಿಟ್ಟು ಬತ್ತೀನಿ" ಎಂದರು. ಕೊರಟಗೆರೆಯಲ್ಲಿ ಗೌರಕ್ಕನ ಅಣ್ಣನ ಮನೆ ಇತ್ತು. ಆ ಅಣ್ಣ, ಅವಳ ಗಂಡ ಸತ್ತಾಗ ಒಂದು ದಿನಕ್ಕೂ ಬಾ ಎಂದು ಕರೆದವನಲ್ಲ. ಮದ್ದು ಹಾಕಿದವಳು ಎಂಬ ಹೆಸರು ಹೊತ್ತು ಹೋದವಳಿಗೆ ಅಲ್ಲಿ ಕೊಟ್ಟಿಗೆಯೂ ಸಿಗುತ್ತಿರಲಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಹೂಂ ಎನ್ನಲು ಬಾಯಿ ತೆರೆದದ್ದೂ ನಿಜ.

ಅಷ್ಟರಲ್ಲಿ ಗೌರಕ್ಕ ಒಳಗೆ ಬಂದಳು. ಕೈಯಲ್ಲಿ ಅಂಬಲಿಯ ಲೋಟ. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ನನ್ನೆದುರು ಕೂತು, ಲೋಟವನ್ನು ತುಟಿಗೆ ತಾಗಿಸಿ, ಎಲ್ಲರೂ ನೋಡುತ್ತಿದ್ದಂತೆ ಅರ್ಧ ಕುಡಿದಳು. ಎತ್ತಿ ಕುಡಿಯಲಿಲ್ಲ, ಕಚ್ಚಿ ಕುಡಿದಳು. ನಮ್ಮ ಮನೆಯಲ್ಲಿ ಎಂಜಲಿನ ಮಡಿ ಎಷ್ಟೆಂದರೆ ಗಂಡ ಹೆಂಡತಿಯೂ ಒಂದೇ ಲೋಟ ಕಚ್ಚುತ್ತಿರಲಿಲ್ಲ. ಆ ಎಂಜಲು ಲೋಟವನ್ನು ನನ್ನ ಮುಂದಿಟ್ಟಳು.

"ಈಗ ಕುಡಿ. ನಿಂಗೇನಾಯ್ತದೋ ನಂಗೂ ಅದೇ ಆಗ್ಲಿ."

ಅವಳ ಕಣ್ಣಲ್ಲಿ ನೀರಿರಲಿಲ್ಲ. ಸಿಟ್ಟಿತ್ತು. ಅಳುತ್ತಾ ಹೇಳಿದ್ದರೆ ನಾಟಕ ಎಂದುಕೊಳ್ಳುತ್ತಿದ್ದೆ. ಆ ಸಿಟ್ಟು ನೋಡಿ ಕುಡಿದೆ. "ಮುರಿಯೋ ಮದ್ದು ಮೊದಲೇ ತಿಂದಿರ್ತಾಳೆ ಬುಡು" ಎಂದು ಅವ್ವ ಗೊಣಗಿದಳು. ಅದೇ ಮಾತು ನನ್ನ ತಲೆಯಲ್ಲೂ ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಯಜಮಾನರು ಮಾತ್ರ ಎದ್ದವರೇ ಆಸ್ಪತ್ರೆಗೆ ಓಡಿದರು. ಡಾಕ್ಟರು ಬೈದು ಕಳಿಸಿದರಂತೆ. ದಿಢೀರನೆ ಬಿಟ್ಟರೆ ತಲೆ ಸಿಡಿದೇ ಸಿಡಿಯುತ್ತೆ, ವಾಂತಿಯೂ ಆಗುತ್ತೆ, ದೊಡ್ಡ ಎಲೆ ಹಾಕಿ ತೆಳ್ಳಗೆ ಅರ್ಧ ಲೋಟ ಕೊಟ್ಟು ನೋಡಿ ಎಂದರಂತೆ. ನನಗೆ ಏಳಲು ಆಗುತ್ತಿರಲಿಲ್ಲ. ಅವ್ವನಿಗೆ ಟೀ ಮಾಡಲು ಬರುತ್ತಿರಲಿಲ್ಲ. ಗೌರಕ್ಕನೇ ಅಂಗಡಿಯ ಗೋಡೆಯ ಬೋರ್ಡಿನ ಮುಂದೆ ನಿಂತು ಚಿತ್ರ ನೋಡಿಕೊಂಡು ಬಂದು, ಅದರಲ್ಲಿದ್ದ ಹಾಗೆ ನೀರು ಕುದಿಸಿ, ಎಲೆ ಹಾಕಿ, ಮುಚ್ಚಿಟ್ಟು, ಸೋಸಿ ತಂದಳು. ಬಣ್ಣ ನೋಡಿದರೆ ಕಳ್ಳೆಪುರಿ ನೆನೆಸಿದ ನೀರಿನ ಹಾಗಿತ್ತು. ತಾನು ಒಂದು ಗುಟುಕು ಕಚ್ಚಿ ಕುಡಿದು ನನಗೆ ಕೊಟ್ಟಳು.

ಒಲೆಯ ಮೇಲಿನ ಅನ್ನ ಬೇಯುವಷ್ಟರಲ್ಲಿ ಕಣ್ಣಿನ ಹಿಂದಿನ ಗೂಟ ಸಡಿಲವಾಯಿತು. ಇನ್ನೂ ಸ್ವಲ್ಪ ಹೊತ್ತಿಗೆ ಅಳುವ ಕೂಸಿನ ದನಿ ಬರೀ ದನಿಯಾಗಿ ಕೇಳಿಸಿತು. ಯಜಮಾನರು ಬಾಗಿಲಲ್ಲಿ ನಿಂತು ನನ್ನ ಮಾತಿಗೆ ಕಾಯುತ್ತಿದ್ದರು.

"ಬಸ್ಸು ಬ್ಯಾಡ" ಎಂದೆ.

ಅವ್ವ ಆ ವಾರವೇ ಗಂಟುಮೂಟೆ ಕಟ್ಟಿಕೊಂಡು ಕಳ್ಳಂಬೆಳ್ಳಕ್ಕೆ ಹೋದಳು. ನಾನು ಮಿಕ್ಸ್ಚರ್ ಕುಡಿದೆ, ಸೊಪ್ಪು ತಿಂದೆ, ಟೀ ಅರ್ಧ ಲೋಟವಾಯಿತು, ಆಮೇಲೆ ಬೆಳಗ್ಗೆ ಮಾತ್ರ ಒಂದು ಪುಟ್ಟ ಲೋಟವಾಯಿತು. ಎದೆ ಮೆಲ್ಲಗೆ ತನ್ನ ಪಾಡಿಗೆ ತಾನು ಹೊಡೆದುಕೊಳ್ಳುವುದನ್ನು ಕಲಿಯಿತು. ಗಿರಿಜೆ ಹಾಲು ಕುಡಿದು ಮಲಗಿದರೆ ಅವಳ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡಬೇಕು, ಅಷ್ಟು ಗಾಢ ನಿದ್ದೆ. ನನಗೆ ಕೊಡುವ ಅಂಬಲಿ, ಹಾಲು, ಸಾರು, ಎಲ್ಲವನ್ನೂ ಗೌರಕ್ಕ ಮೊದಲು ತಾನೊಂದು ಗುಟುಕು ಕುಡಿದೇ ಕೊಡುತ್ತಿದ್ದಳು. ನಾನು ಕೇಳಿರಲಿಲ್ಲ. ಬೇಡ ಎಂದೂ ಹೇಳಲಿಲ್ಲ. ಮಾತಿಲ್ಲದೆ ಅವಳು ಕಚ್ಚಿ ಕೊಡುವುದು, ಮಾತಿಲ್ಲದೆ ನಾನು ಕುಡಿಯುವುದು. ಮಳೆಗಾಲ ಕಳೆದು ಅವರೆಕಾಯಿ ಬರುವವರೆಗೂ ಹೀಗೇ ನಡೆಯಿತು.

ಒಂದು ಬೆಳಗ್ಗೆ ಹಿತ್ತಲ ಕಟ್ಟೆಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ಗಿರಿಜೆ ಆಗಷ್ಟೇ ಹೆಜ್ಜೆ ಇಡುತ್ತಿದ್ದಳು. ಗೌರಕ್ಕ ಟೀ ತಂದು ನನ್ನ ಪಕ್ಕ ಇಡುವುದಕ್ಕೂ, ಕೂಸು ಬಾವಿಯ ಕಡೆ ನಡೆಯುವುದಕ್ಕೂ ಸರಿಹೋಯಿತು. ಅವಳು ಓಡಿಹೋಗಿ ಎತ್ತಿಕೊಂಡಳು. ಎತ್ತಿಕೊಂಡು ತಿರುಗಿದವಳಿಗೆ ನೆನಪಾಯಿತು, ಮುಖ ಸಪ್ಪಗಾಯಿತು. ಲೋಟ ತುಂಬಿತ್ತು, ತುಟಿ ಸೋಕಿರಲಿಲ್ಲ.

"ತಾಳು ತಾಳು, ಬಂದೆ" ಎಂದು ಕೂಸನ್ನು ಸೊಂಟಕ್ಕೆ ಹಾಕಿಕೊಂಡು ಬೇಗಬೇಗ ಬಂದು ಲೋಟಕ್ಕೆ ಕೈ ಚಾಚಿದಳು.

ನಾನು ಅದಕ್ಕೆ ಮೊದಲೇ ಎತ್ತಿಕೊಂಡು, ಅವಳ ಮುಖ ನೋಡುತ್ತಲೇ, ತಳದವರೆಗೂ ಕುಡಿದೆ.

ಗೌರಕ್ಕ ಚಾಚಿದ ಕೈಯನ್ನು ಹಾಗೇ ಹಿಡಿದುಕೊಂಡು ನಿಂತಿದ್ದಳು. ನಾನು ಖಾಲಿ ಲೋಟವನ್ನು ಆ ಕೈಯಲ್ಲಿಟ್ಟೆ.

"ಬೆಲ್ಲ ಕಮ್ಮಿ ಆಗೈತೆ ಕಣಕ್ಕ" ಎಂದೆ.

ಅವಳು ಮುಖವನ್ನು ಕೂಸಿನ ಹೆಗಲಿಗೆ ಒತ್ತಿಕೊಂಡಳು.

"ನಾಳೆ ಜಾಸ್ತಿ ಹಾಕ್ತೀನಿ ಬುಡೇ" ಎಂದಳು.